ಫ್ರೆಟ್‌ಲೆಸ್ ಬಾಸ್ ಗಿಟಾರ್: ತಂತಿಯ ಆಯ್ಕೆ ಮತ್ತು ಬೆರಳುಹಲಗೆಯ ಸವೆತ

ವೀಣೆಗೆ ಮೆಟ್ಟಿಲು ಹೇಗೋ ಗಿಟಾರಿಗೆ ಫ್ರೆಟ್ ಹಾಗೆ. ಆ ಲೋಹದ ಪಟ್ಟಿಗಳಿಲ್ಲದೆ, ಪಿಟೀಲಿನಂತೆ ನುಣುಪಾದ ಬೆರಳುಹಲಗೆಯಿರುವ ಎಲೆಕ್ಟ್ರಿಕ್ ಬಾಸ್ ಗಿಟಾರನ್ನು ಫ್ರೆಟ್‌ಲೆಸ್ ಬಾಸ್ ಎನ್ನುತ್ತಾರೆ. ಸಾಮಾನ್ಯವಾಗಿ ಇದಕ್ಕೆ ನಾಲ್ಕು ತಂತಿ. ಕೆಳಗಿನ ಸ್ವರದಿಂದ ಮೇಲಕ್ಕೆ ಇ, ಎ, ಡಿ, ಜಿ ಎಂದು ಶ್ರುತಿ ಮಾಡುತ್ತಾರೆ. ತಲೆಯ ಕಡೆಯ ನಟ್‌ನಿಂದ ಒಡಲ ಮೇಲಿನ ಬ್ರಿಜ್‌ವರೆಗೆ ಮಿಡಿಯುವ ತಂತಿಯ ಉದ್ದ ಹೆಚ್ಚಿನ ವಾದ್ಯಗಳಲ್ಲಿ 34 ಇಂಚು, ಅಂದರೆ ಸುಮಾರು 864 ಮಿಲಿಮೀಟರ್. ಫ್ರೆಟ್ ಇರುವ ಬಾಸ್‌ನಲ್ಲಿ ಬೆರಳು ಒತ್ತಿದ ತಂತಿ ಲೋಹದ ಮೇಲೆ ನಿಲ್ಲುತ್ತದೆ. ಸವೆದರೆ ಫ್ರೆಟ್ ಸವೆಯುತ್ತದೆ, ಅದನ್ನು ಕಿತ್ತು ಹೊಸದು ಬಡಿಯಬಹುದು. ಫ್ರೆಟ್‌ಲೆಸ್‌ನಲ್ಲಿ ಆ ಹೊರೆ ಮರದ ಪಾಲಿಗೆ ಬರುತ್ತದೆ. ಲೋಹ ಸುತ್ತಿದ ತಂತಿ ನೇರವಾಗಿ ಮರದ ಮೇಲೆ ಕೂತು ನಾದ ಹುಟ್ಟಿಸುತ್ತದೆ, ಹುಟ್ಟಿಸುತ್ತಲೇ ಮರವನ್ನು ಕೊರೆಯುತ್ತದೆ.

ಈ ಕೊರೆತವನ್ನು ಹದ್ದುಬಸ್ತಿನಲ್ಲಿಡಲು ಎಂಥ ತಂತಿ ಹಾಕಬೇಕು ಎಂಬುದು ಈ ವಾದ್ಯ ಕೈಗೆತ್ತಿಕೊಂಡವರು ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆ. ತಂತಿಯೊಂದನ್ನೇ ನೋಡಿ ಇದಕ್ಕೆ ಉತ್ತರ ಹೇಳಲಾಗದು. ಹಲಗೆ ಎಂಥದ್ದು, ಎಡಗೈ ಹೇಗೆ ಚಲಿಸುತ್ತದೆ, ವಾದಕನಿಗೆ ಬೇಕಾದ ದನಿ ಯಾವುದು ಎಂಬುದೂ ಲೆಕ್ಕಕ್ಕೆ ಬರಬೇಕು. ತಂತಿಯನ್ನೂ ಹಲಗೆಯನ್ನೂ ಜೋಡಿಯಾಗಿಯೇ ಆರಿಸಬೇಕು ಎಂಬುದು ಈ ಲೇಖನದ ನಿಲುವು.

ಹಿನ್ನೆಲೆ

ಲಿಯೊ ಫೆಂಡರ್ 1951ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೊರತಂದ ಪ್ರಿಸಿಷನ್ ಬಾಸ್‌ಗೆ ಆ ಹೆಸರು ಬಂದದ್ದೇ ಫ್ರೆಟ್‌ನಿಂದ. ನಿಂತು ನುಡಿಸುವ ದೊಡ್ಡ ಡಬಲ್ ಬಾಸ್‌ನಲ್ಲಿ ಸ್ವರಸ್ಥಾನವನ್ನು ಕಿವಿಯಿಂದ ಹುಡುಕಿಕೊಳ್ಳಬೇಕು. ಇಲ್ಲಿ ಫ್ರೆಟ್ ಅದನ್ನು ಕರಾರುವಾಕ್ಕಾಗಿ ಕೈಗಿಡುತ್ತಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಫ್ರೆಟ್ಟನ್ನು ಕೀಳುವವರೂ ಹುಟ್ಟಿಕೊಂಡರು. ಮುಂದೆ ರೋಲಿಂಗ್ ಸ್ಟೋನ್ಸ್ ತಂಡ ಸೇರಿದ ಬಿಲ್ ವೈಮನ್ 1961ರಲ್ಲಿ ಒಂದು ಅಗ್ಗದ ಬಾಸ್ ಕೊಂಡು, ಸವೆದ ಫ್ರೆಟ್ ಬದಲಿಸೋಣವೆಂದು ಕಿತ್ತವರು, ಫ್ರೆಟ್ ಇಲ್ಲದ ದನಿಯೇ ಹಿಡಿಸಿ ಹಾಗೆಯೇ ಬಿಟ್ಟರು.

ಕಾರ್ಖಾನೆಯಿಂದಲೇ ಫ್ರೆಟ್ ಇಲ್ಲದೆ ಹೊರಬಂದ ಮೊದಲ ಎಲೆಕ್ಟ್ರಿಕ್ ಬಾಸ್ ಆಂಪೆಗ್ ಕಂಪನಿಯ ಎಯುಬಿ-1, ಇಸವಿ 1966. ಇದರ ಪಿಕಪ್ ಬ್ರಿಜ್‌ನ ಅಡಿಯಲ್ಲಿತ್ತು, ತಂತಿಯ ಕಂಪನವನ್ನು ಅಲ್ಲಿಂದ ಹಿಡಿಯುತ್ತಿತ್ತು. ಹಾಗಾಗಿ ಸಾಮಾನ್ಯ ಪಿಕಪ್‌ನ ಆಯಸ್ಕಾಂತಕ್ಕೆ ಕೇಳಿಸದ, ಕಬ್ಬಿಣದ ಅಂಶವೇ ಇಲ್ಲದ ಕರುಳಿನ ತಂತಿ ಹಾಕಿಯೂ ನುಡಿಸಬಹುದಿತ್ತು. ಮರದ ಹಲಗೆಗೆ ಅದಕ್ಕಿಂತ ಮೃದುವಾದ ತಂತಿ ಸಿಗುವುದು ಕಷ್ಟ. ದಿ ಬ್ಯಾಂಡ್‌ನ ರಿಕ್ ಡ್ಯಾಂಕೊ ಈ ವಾದ್ಯವನ್ನು ನುಡಿಸಿದರು. ಫೆಂಡರ್ ತನ್ನ ಫ್ರೆಟ್‌ಲೆಸ್ ಪ್ರಿಸಿಷನ್ ಬಾಸನ್ನು ತಂದದ್ದು 1970ರಲ್ಲಿ.

ಮೊದಮೊದಲು ಬಾಸ್‌ಗೆ ಹೆಚ್ಚಾಗಿ ಹಾಕುತ್ತಿದ್ದದ್ದು ಚಪ್ಪಟೆ ಪಟ್ಟಿ ಸುತ್ತಿದ, ಮೈ ನುಣುಪಾದ ಫ್ಲಾಟ್‌ವೌಂಡ್ ತಂತಿ. ಸವೆತ ಯಾರ ತಲೆಯನ್ನೂ ಅಷ್ಟಾಗಿ ಕೆಡಿಸಿರಲಿಲ್ಲ. 1960ರ ದಶಕದ ನಡುವಿನಲ್ಲಿ ದಿ ಹೂ ತಂಡದ ಜಾನ್ ಎಂಟ್ವಿಸಲ್ ಪಿಯಾನೊದಂತೆ ಖಣಖಣಿಸುವ ಬಾಸ್ ಬೇಕೆಂದು ಹಂಬಲಿಸಿ, ಇಂಗ್ಲೆಂಡಿನ ರೋಟೋಸೌಂಡ್ ಕಂಪನಿಯ ಜೇಮ್ಸ್ ಹೌ ಜೊತೆ ಕೂತು ಹೊಸ ತಂತಿ ಮಾಡಿಸಿದರು. ದುಂಡನೆಯ ಸರಿಗೆಯನ್ನು ಹಾಗೆಯೇ ಸುತ್ತಿದ, ಸ್ಟೇನ್‌ಲೆಸ್ ಸ್ಟೀಲಿನ ರೌಂಡ್‌ವೌಂಡ್ ತಂತಿ ಅದು. ಸ್ವಿಂಗ್ ಬಾಸ್ 66 ಎಂಬ ಹೆಸರಿನಲ್ಲಿ ಇಂದಿಗೂ ಮಾರಾಟವಾಗುತ್ತಿದೆ. ಎಂಟ್ವಿಸಲ್ ಅದನ್ನು ಬಯಸಿದ್ದು ಫ್ರೆಟ್ ಇರುವ ಬಾಸ್‌ಗೆ, ಅಲ್ಲಿ ಅದು ತಾಗುವುದು ಲೋಹಕ್ಕೆ.

ಆ ತಂತಿಯನ್ನು ಫ್ರೆಟ್ ಇಲ್ಲದ ಹಲಗೆಯ ಮೇಲೆ ಇಟ್ಟು ಜಗತ್ತಿಗೆ ಕೇಳಿಸಿದವರು ಜಾಕೊ ಪಾಸ್ಟೋರಿಯಸ್ (1951–1987). ಅವರ 1962ರ ಫೆಂಡರ್ ಜಾಜ್ ಬಾಸ್‌ನ ಫ್ರೆಟ್ ಕಿತ್ತದ್ದು ಯಾವಾಗ, ಹೇಗೆ ಎಂಬ ಕಥೆಯನ್ನು ಅವರೇ ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಮುಂದಿನ ಕೆಲಸದ ಬಗ್ಗೆ ಗೊಂದಲವಿಲ್ಲ: ಫ್ರೆಟ್ ಕೂತಿದ್ದ ಸೀಳುಗಳಿಗೆ ಮರದ ಲಪ್ಪ ತುಂಬಿ, ಇಡೀ ಹಲಗೆಗೆ ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಪದರ ಪದರವಾಗಿ ಬಳಿದರು. ಸ್ವಿಂಗ್ ಬಾಸ್ ತಂತಿ ಮರವನ್ನು ತಿಂದುಹಾಕುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ತಂತಿಯ ದನಿಯನ್ನು ಬಿಟ್ಟುಕೊಡಲು ಮನಸ್ಸಿಲ್ಲದೆ ಹಲಗೆಯನ್ನೇ ಗಟ್ಟಿ ಮಾಡಿಕೊಂಡರು. 1976ರಲ್ಲಿ ಬಂದ ಅವರದೇ ಹೆಸರಿನ ಆಲ್ಬಮ್, ಅದೇ ವರ್ಷ ಜೋನಿ ಮಿಚೆಲ್‌ರ ಹೆಜಿರಾ, ಮರುವರ್ಷ ವೆದರ್ ರಿಪೋರ್ಟ್ ತಂಡದ ಹೆವಿ ವೆದರ್, ಇವುಗಳಲ್ಲಿ ಕೇಳುವ ಹಾಡುವಂಥ ಬಾಸ್ ದನಿಯ ಹಿಂದೆ ಆ ತಂತಿ ಮತ್ತು ಆ ಎಪಾಕ್ಸಿ ಎರಡೂ ಇವೆ. ಆ ಆಲ್ಬಮ್‌ಗಳನ್ನು ಕೇಳಿ ರೌಂಡ್‌ವೌಂಡ್ ಮಾತ್ರ ತಂದು ಎಪಾಕ್ಸಿಯನ್ನು ಮರೆತವರ ಬೀಟೆ ಹಲಗೆಗಳು ಬೇಗನೆ ಗೆರೆಬಿದ್ದವು.

ಸವೆತ ಆಗುವ ಬಗೆ

ಹೊಸ ರೌಂಡ್‌ವೌಂಡ್ ತಂತಿಯನ್ನು ಭೂತಗನ್ನಡಿಯಡಿ ಹಿಡಿದರೆ ಬಡಗಿಯ ದುಂಡು ಅರ ನೆನಪಾಗುತ್ತದೆ. ನಡುವೆ ಉಕ್ಕಿನ ಎಳೆ, ಅದರ ಮೇಲೆ ಒತ್ತೊತ್ತಾಗಿ ಸುತ್ತಿದ ಸರಿಗೆ. ಸುತ್ತು ಸುತ್ತಿನ ನಡುವೆ ಕಣಿವೆ, ಪ್ರತಿ ಸುತ್ತಿಗೊಂದು ಏಣು. ಹೊರಸುತ್ತಿನ ಸರಿಗೆ ಅರ್ಧ ಮಿಲಿಮೀಟರ್ ದಪ್ಪವಿದ್ದರೆ ಒಂದು ಸೆಂಟಿಮೀಟರಿನಲ್ಲಿ ಇಪ್ಪತ್ತು ಏಣುಗಳು. ಉಗುರನ್ನು ಉದ್ದಕ್ಕೆ ಎಳೆದರೆ ಜರ್ ಎಂದು ಸದ್ದು ಮಾಡುತ್ತದೆ. ಬೆರಳು ಒತ್ತಿದಾಗ ಬಲವೆಲ್ಲ ಈ ಏಣುಗಳ ತುದಿಯಲ್ಲೇ ಮರಕ್ಕೆ ಇಳಿಯುತ್ತದೆ. ತಾಗುವ ಜಾಗ ಕಿರಿದಾದಷ್ಟೂ ಒತ್ತಡ ಹೆಚ್ಚು. ಮರ ಅಲ್ಲಿ ಮೊದಲು ತಗ್ಗುತ್ತದೆ, ಆಮೇಲೆ ಕೊರೆದುಹೋಗುತ್ತದೆ.

ಸುಮ್ಮನೆ ಒತ್ತುವುದರಿಂದ ಆಗುವ ಹಾನಿ ಅಷ್ಟೇನಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಬೆರಳು ತಂತಿಯ ಮೇಲೆ ಸರಿಯುತ್ತದೆ, ತಂತಿ ಮಾತ್ರ ತನ್ನ ಜಾಗದಲ್ಲೇ ಇದ್ದು ಹೊಸ ಹೊಸ ಕಡೆ ಮರಕ್ಕೆ ತಾಗುತ್ತ ಹೋಗುತ್ತದೆ. ಅದೂ ಸಹಿಸಬಹುದಾದದ್ದು. ನಿಜವಾಗಿ ಮರವನ್ನು ತಿನ್ನುವುದು ತಂತಿಯನ್ನು ಅಡ್ಡಕ್ಕೆ ಎಳೆಯುವ ಚಲನೆ. ರಾಕ್ ಗಿಟಾರಿನಲ್ಲಿ ತಂತಿಯನ್ನು ಪಕ್ಕಕ್ಕೆ ಬಗ್ಗಿಸಿ ಸ್ವರ ಏರಿಸುತ್ತಾರಲ್ಲ, ಪಕ್ಕಕ್ಕೆ ಅಲುಗಿಸಿ ಕಂಪಿಸುತ್ತಾರಲ್ಲ, ಆ ಚಲನೆಯಲ್ಲಿ ಏಣುಗಳೆಲ್ಲ ಸಾಲಾಗಿ ಗರಗಸದ ಹಲ್ಲಾಗುತ್ತವೆ. ಫ್ರೆಟ್ ಇರುವಲ್ಲಿ ಇದರಿಂದ ಮರಕ್ಕೆ ತೊಂದರೆಯಿಲ್ಲ. ಫ್ರೆಟ್‌ಲೆಸ್‌ನಲ್ಲಿ ಇದು ಹಲಗೆಯ ಆಯುಷ್ಯವನ್ನೇ ಕತ್ತರಿಸುತ್ತದೆ. ಪಿಟೀಲು ವಾದಕರು ಮಾಡುವಂತೆ ಬೆರಳನ್ನು ತಂತಿಯ ಉದ್ದಕ್ಕೆ ಹಿಂದೆ ಮುಂದೆ ಉರುಳಿಸಿದರೆ ಅದೇ ಕಂಪನ ಸಿಗುತ್ತದೆ, ತಂತಿ ಪಕ್ಕಕ್ಕೆ ಸರಿಯುವುದಿಲ್ಲ. ಗಿಟಾರಿನಿಂದ ಫ್ರೆಟ್‌ಲೆಸ್‌ಗೆ ಬಂದವರು ಕಲಿಯಬೇಕಾದ ಮೊದಲ ಪಾಠ ಇದೇ. ದುಬಾರಿ ತಂತಿ ಕೊಳ್ಳುವ ಮೊದಲು ಒಂದು ತಿಂಗಳು ಈ ಅಭ್ಯಾಸ ಮಾಡಿದರೆ ಮರಕ್ಕೆ ಆಗುವ ಉಪಕಾರ ದೊಡ್ಡದು.

ಇನ್ನೊಂದು ಸವೆತ ಬೆರಳಿನಿಂದಲ್ಲ, ನಾದದಿಂದಲೇ ಬರುತ್ತದೆ. ತಂತಿಯನ್ನು ಹಲಗೆಗೆ ಹತ್ತಿರವಾಗಿ ಇಳಿಸಿದಾಗ ಅದು ಮಿಡಿಯುತ್ತಲೇ ಮರವನ್ನು ಮೆಲ್ಲಗೆ ಸವರುತ್ತದೆ. ಸ್ವರ ಹುಟ್ಟಿದ ಮೇಲೆ ಅರಳಿ ತೆರೆದುಕೊಳ್ಳುವ ಆ ವಿಶಿಷ್ಟ ದನಿಗೆ ವಾದಕರು 'ಮ್ವಾ' ಎನ್ನುತ್ತಾರೆ. ಬಾಯಲ್ಲಿ ಹೇಳಿಕೊಂಡರೆ ದನಿ ಹೇಗಿರುತ್ತದೆಂದು ತಿಳಿಯುತ್ತದೆ. ಬಿಟ್ಟ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ, ಜಿ ತಂತಿ 98 ಸಲ ಕಂಪಿಸುತ್ತವೆ. ಒತ್ತಿದ ಸ್ವರಗಳು ಇನ್ನೂ ಹೆಚ್ಚು ವೇಗದಲ್ಲಿ ಮಿಡಿಯುತ್ತ ಮರವನ್ನು ತಾಗುತ್ತವೆ. ಫ್ರೆಟ್‌ಲೆಸ್ ಬಾಸ್ ಕೊಳ್ಳುವವರು ಕೊಳ್ಳುವುದೇ ಈ ದನಿಗಾಗಿ. ಹಾಗಾಗಿ ಸವೆತವನ್ನು ಸೊನ್ನೆಗೆ ಇಳಿಸುವ ಮಾತು ಈ ವಾದ್ಯಕ್ಕೆ ಒಪ್ಪುವುದಿಲ್ಲ.

ಸವೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಕೋಣೆಯ ದೀಪ ಆರಿಸಿ ಟಾರ್ಚನ್ನು ಹಲಗೆಯ ಮಟ್ಟಕ್ಕೆ ಓರೆಯಾಗಿ ಹಿಡಿದರೆ ಅದು ಎದ್ದು ಕಾಣುತ್ತದೆ: ರಾಗದ ಭಾಗಗಳು ಹೆಚ್ಚಾಗಿ ನುಡಿಯುವ ಡಿ ಮತ್ತು ಜಿ ತಂತಿಗಳ ಕೆಳಗೆ, ಕೈ ಹೆಚ್ಚು ಹೊತ್ತು ನೆಲೆಸುವ ನಡುಭಾಗದಲ್ಲಿ ಗೆರೆಗಳು ದಟ್ಟ, ತುದಿಗೆ ಹೋದಂತೆ ವಿರಳ. ಗೆರೆ ಕಂಡೊಡನೆ ಗಾಬರಿಯಾಗಬೇಕಿಲ್ಲ. ಅಡ್ಡಕ್ಕೆ ಉಗುರು ಎಳೆದಾಗ ಸಿಕ್ಕದಿದ್ದರೆ ಅದು ಬರಿಯ ಹೊಳಪು, ಮರ ಒತ್ತಿ ನುಣುಪಾದದ್ದು. ಉಗುರು ಸಿಕ್ಕಿದರೆ ಅದು ಕೊರಕಲು. ಕೊರಕಲು ಆಳವಾದಾಗ ತಂತಿ ಹಳ್ಳದಲ್ಲಿ ಕೂತು, ಅದರ ಮುಂದಿನ ಎತ್ತರದ ಮರಕ್ಕೆ ಬಡಿಯುತ್ತದೆ. ಸ್ವರ ಕರಕರ ಎನ್ನುತ್ತದೆ ಇಲ್ಲವೇ ಹುಟ್ಟಿದ ಕೂಡಲೇ ಸಾಯುತ್ತದೆ.

ತಂತಿಯ ಬಗೆಗಳು

ಸವೆತದ ದೃಷ್ಟಿಯಿಂದ ತಂತಿಯನ್ನು ನೋಡುವಾಗ ಲೋಹಕ್ಕಿಂತ ಮೈಯ ಆಕಾರ ಮುಖ್ಯ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ 'ಸ್ಟೀಲ್ ಕೆಟ್ಟದ್ದು, ನಿಕಲ್ ಒಳ್ಳೆಯದು' ಎಂಬ ಸರಳ ಮಾತು ಅಂಗಡಿಗಳಲ್ಲಿ ಓಡಾಡುತ್ತದೆ. ಹಲಗೆಗೆ ತೀರ ಸೌಮ್ಯವೆನಿಸಿದ ಫ್ಲಾಟ್‌ವೌಂಡ್ ತಂತಿಗಳಲ್ಲಿ ಅನೇಕವು ಸ್ಟೇನ್‌ಲೆಸ್ ಸ್ಟೀಲಿನವೇ. ಅದೇ ಲೋಹ ದುಂಡು ಸರಿಗೆಯಾಗಿದ್ದರೆ ಅರ, ಚಪ್ಪಟೆ ಪಟ್ಟಿಯಾಗಿದ್ದರೆ ನುಣುಪು ಸರಳು.

ಹಾಗೆಂದು ಲೋಹಕ್ಕೆ ಬೆಲೆಯೇ ಇಲ್ಲವೆಂದಲ್ಲ. ರೌಂಡ್‌ವೌಂಡ್‌ಗಳ ಒಳಗೇ ಹೋಲಿಸಿದರೆ ಸ್ಟೇನ್‌ಲೆಸ್ ಸ್ಟೀಲ್ ಅತಿ ಗಡುಸು, ದನಿಯೂ ಅತಿ ಹರಿತ. ನಿಕಲ್ ಲೇಪಿಸಿದ ಉಕ್ಕು ಬೆರಳಿಗೂ ಮರಕ್ಕೂ ತುಸು ಮೆತ್ತಗೆ; ಆದರೆ ಲೇಪ ತೆಳ್ಳಗಿನದು, ಒಳಗಿರುವುದು ಉಕ್ಕೇ. ಇಡೀ ಸುತ್ತು ಅಪ್ಪಟ ನಿಕಲ್‌ನದಾದರೆ ಇನ್ನೂ ಮೃದು, ದನಿ ಬೆಚ್ಚಗೆ. ರೌಂಡ್‌ವೌಂಡ್ ದನಿ ಬೇಕೇಬೇಕು, ಹಲಗೆಗೆ ಲೇಪವಿಲ್ಲ ಎನ್ನುವವರು ಇಲ್ಲಿಂದ ಶುರು ಮಾಡುವುದು ವಾಸಿ.

ಫ್ಲಾಟ್‌ವೌಂಡ್ ತಂತಿಯಲ್ಲಿ ಒಳಸುತ್ತು ದುಂಡಗಿದ್ದರೂ ಹೊರಸುತ್ತು ಚಪ್ಪಟೆ ಪಟ್ಟಿಯದು. ಪಟ್ಟಿಯ ಅಂಚುಗಳು ಒಂದಕ್ಕೊಂದು ತಾಗಿ ಕೂರುವುದರಿಂದ ಮೈ ಕನ್ನಡಿಯಂತೆ. ಬೆರಳು ಜಾರಿದಾಗ ಕಿರುಗುಟ್ಟುವ ಸದ್ದಿಲ್ಲ. ಪಿಟೀಲಿನ ಲೋಹ ಸುತ್ತಿದ ತಂತಿಗಳೂ ಇದೇ ಬಗೆಯವು ಎಂಬುದನ್ನು ಇಲ್ಲಿ ನೆನೆಯಬಹುದು: ಗಮಕಗಳಲ್ಲಿ ದಿನವಿಡೀ ಜಾರುವ ಕರ್ನಾಟಕ ಸಂಗೀತದ ಬೆರಳುಗಳ ಕೆಳಗೂ ಎಬೊನಿ ಹಲಗೆ ಬಹುಕಾಲ ಬಾಳುವುದಕ್ಕೆ ಆ ನುಣುಪು ಮೈ ಒಂದು ಕಾರಣ. ಅಮೆರಿಕದ ಲಾ ಬೆಲ್ಲಾ, ವಿಯೆನ್ನಾದ ಥೊಮಾಸ್ಟಿಕ್-ಇನ್‌ಫೆಲ್ಡ್, ಡಡಾರಿಯೊ ಕಂಪನಿಯ ಕ್ರೋಮ್ಸ್ ಇವು ಬಾಸ್ ಫ್ಲಾಟ್‌ವೌಂಡ್‌ನಲ್ಲಿ ಹೆಸರಾದವು. ಮೂರರ ಸ್ವಭಾವ ಮೂರು ತೆರ. ಮೋಟೌನ್ ಹಾಡುಗಳ ಜೇಮ್ಸ್ ಜೇಮರ್‌ಸನ್ ನುಡಿಸಿದ್ದು ಲಾ ಬೆಲ್ಲಾದ ದಪ್ಪ, ಬಿಗಿ ತಂತಿ. ತುಂಡಾಗದ ಹೊರತು ಬದಲಿಸುತ್ತಿರಲಿಲ್ಲ ಎಂದು ಪ್ರತೀತಿ. ಅವರದು ಫ್ರೆಟ್ ಇರುವ ಬಾಸ್, ಆದರೂ ಫ್ಲಾಟ್‌ವೌಂಡ್ ಎಷ್ಟು ಕಾಲ ಬಾಳುತ್ತದೆಂಬುದಕ್ಕೆ ಇದು ಸಾಕ್ಷಿ. ಥೊಮಾಸ್ಟಿಕ್‌ನ ಜಾಜ್ ಫ್ಲಾಟ್ಸ್ ತದ್ವಿರುದ್ಧ: 0.043ರಿಂದ 0.100 ಇಂಚಿನ ಈ ಸೆಟ್ಟಿನ ಬಿಗಿತ ಕಡಿಮೆ, ತಂತಿ ಕೈಗೆ ಬಳುಕುತ್ತದೆ, ಫ್ರೆಟ್‌ಲೆಸ್‌ನಲ್ಲಿ 'ಮ್ವಾ' ಸುಲಭವಾಗಿ ಹೊಮ್ಮುತ್ತದೆ. ಫ್ಲಾಟ್‌ವೌಂಡ್ ಎಂದರೆ ಮಂಕು ದನಿ ಎಂಬ ದೂರನ್ನು ಈ ತಂತಿ ಕೇಳಿದ ಮೇಲೆ ಹಿಂತೆಗೆದುಕೊಂಡವರು ಬಹಳ ಮಂದಿ. ಬೆಲೆ ರೌಂಡ್‌ವೌಂಡ್‌ಗಿಂತ ಹೆಚ್ಚು, ಆದರೆ ವರ್ಷಗಟ್ಟಲೆ ಬಾಳುವುದರಿಂದ ಕೊನೆಗೆ ದುಬಾರಿ ಎನಿಸದು.

ಈ ಎರಡರ ನಡುವಿನದು ಗ್ರೌಂಡ್‌ವೌಂಡ್ ಅಥವಾ ಹಾಫ್‌ರೌಂಡ್. ದುಂಡು ಸರಿಗೆ ಸುತ್ತಿ, ಆಮೇಲೆ ಏಣಿನ ತುದಿಗಳನ್ನು ಸಾಣೆಯಲ್ಲಿ ತೇಯ್ದು ಸಮ ಮಾಡುತ್ತಾರೆ. ತೇಯುವ ಬದಲು ಒತ್ತಿ ಚಪ್ಪಟೆ ಮಾಡುವ ಪ್ರೆಶರ್‌ವೌಂಡ್ ಎಂಬುದೂ ಉಂಟು. ದನಿಯಲ್ಲಿ ರೌಂಡ್‌ವೌಂಡ್‌ನ ಹೊಳಪು ಅರ್ಧ ಉಳಿಯುತ್ತದೆ, ಮರದ ಮೇಲಿನ ಕೊರೆತ ಗಮನಾರ್ಹವಾಗಿ ತಗ್ಗುತ್ತದೆ.

ಟೇಪ್‌ವೌಂಡ್ ತಂತಿಯಲ್ಲಿ ಲೋಹದ ಮೇಲೆ ನೈಲಾನ್ ಪಟ್ಟಿ ಸುತ್ತಿರುತ್ತಾರೆ, ಹೆಚ್ಚಾಗಿ ಕಪ್ಪು ಬಣ್ಣದ್ದು. ಒಳಗೆ ಉಕ್ಕು ಇರುವುದರಿಂದ ಆಯಸ್ಕಾಂತದ ಪಿಕಪ್‌ಗೆ ಕೇಳಿಸುತ್ತದೆ. ಮರಕ್ಕೆ ತಾಗುವುದು ನೈಲಾನ್ ಮಾತ್ರ. ಇಲ್ಲಿ ಸವೆಯುವ ಸರದಿ ತಂತಿಯದು, ಹಲಗೆಯದಲ್ಲ. ಲೇಪವಿಲ್ಲದ ಹಲಗೆಗೆ ಇಷ್ಟು ನಿಶ್ಚಿಂತೆ ಬೇರೆ ಯಾವ ತಂತಿಯೂ ಕೊಡಲಾರದು. ದನಿ ಡಬಲ್ ಬಾಸ್‌ಗೆ ಹತ್ತಿರ, ದುಂಡಗೆ, ಮೃದುವಾಗಿ. ಒಂದು ತೊಡಕಿದೆ: ಈ ತಂತಿಗಳ ದಪ್ಪ ಹೆಚ್ಚು. ರೋಟೋಸೌಂಡ್‌ನ ಟ್ರು ಬಾಸ್ 88 ಸೆಟ್ಟಿನಲ್ಲಿ ಜಿ ತಂತಿಯೇ 0.065 ಇಂಚು, ಸಾಮಾನ್ಯ ಸೆಟ್ಟಿನಲ್ಲಿ ಅದು 0.045. ನಟ್‌ನ ಸೀಳು ಸಾಲದೆ ತಂತಿ ಮೇಲೆಯೇ ಕೂತುಬಿಡುತ್ತದೆ, ಸೀಳನ್ನು ಅರದಿಂದ ಅಗಲಿಸಬೇಕಾಗುತ್ತದೆ. ಮತ್ತೆ ತೆಳ್ಳಗಿನ ತಂತಿಗೆ ಮರಳಿದರೆ ಅದು ಅಗಲಿಸಿದ ಸೀಳಿನಲ್ಲಿ ಅಲ್ಲಾಡುತ್ತದೆ. ಹಾಗಾಗಿ ಟೇಪ್‌ವೌಂಡ್ ಆರಿಸುವ ಮುನ್ನ ಆ ದನಿಯೇ ಬೇಕೆಂಬುದು ಖಾತ್ರಿಯಿರಬೇಕು.

ತೆಳುವಾದ ಪಾಲಿಮರ್ ಲೇಪದ ರೌಂಡ್‌ವೌಂಡ್‌ಗಳನ್ನೂ ಕೆಲವರು ಸೂಚಿಸುತ್ತಾರೆ. ಬೆವರಿನಿಂದ ತಂತಿಯನ್ನು ಕಾಪಾಡುವುದರಲ್ಲಿ ಅವು ಸಮರ್ಥ. ಆದರೆ ಏಣುಗಳು ಹಾಗೆಯೇ ಇರುತ್ತವೆ. ಮರಕ್ಕೆ ತಾಗುವ ಕಡೆ ಲೇಪ ಬೇಗ ಹೋಗುತ್ತದೆ. ಹಲಗೆಯ ಸವೆತ ತಡೆಯಲೆಂದೇ ಇವನ್ನು ಕೊಳ್ಳಬೇಕಿಲ್ಲ.

ಬಿಗಿತ ಮತ್ತು ದಂಡಿಯ ಬಾಗು

34 ಇಂಚಿನ ಬಾಸ್‌ನಲ್ಲಿ ಒಂದೊಂದು ತಂತಿಯೂ ಸುಮಾರು 18ರಿಂದ 23 ಕಿಲೋ ತೂಕ ಜಗ್ಗಿದಷ್ಟು ಬಿಗಿಯಾಗಿರುತ್ತದೆ. ಬಿಗಿತ ಕಡಿಮೆಯಾದರೆ ಒತ್ತಲು ಬಲ ಕಡಿಮೆ ಸಾಕು, ಹಲಗೆಗೂ ಒಳ್ಳೆಯದು ಎಂದು ತೋರುತ್ತದೆ. ಅದು ಅರ್ಧ ನಿಜ. ಸಡಿಲ ತಂತಿ ಅಗಲವಾಗಿ ಬೀಸಿ ಮಿಡಿಯುತ್ತದೆ, ಹಾಗಾಗಿ ಮರವನ್ನು ಸವರುವುದೂ ಹೆಚ್ಚು. ಪಕ್ಕಕ್ಕೆ ಎಳೆಯುವ ಚಾಳಿಯಿದ್ದವರಿಗೆ ಸಡಿಲ ತಂತಿ ಇನ್ನಷ್ಟು ಸಲೀಸಾಗಿ ಬಾಗಿಕೊಡುತ್ತದೆ. ಬಲಗೈ ಹಗುರವಾಗಿರುವವರಿಗೆ ಕಡಿಮೆ ಬಿಗಿತ, ಗಟ್ಟಿಯಾಗಿ ಮೀಟುವವರಿಗೆ ಮಧ್ಯಮ ಬಿಗಿತ ಹೊಂದುತ್ತದೆ.

ತಂತಿಯ ಬಗೆ ಬದಲಿಸಿದಾಗ ದಂಡಿಯ ಮೇಲಿನ ಒಟ್ಟು ಎಳೆತವೂ ಬದಲಾಗುತ್ತದೆ. ಬಿಗಿ ಸೆಟ್ಟು ತೆಗೆದು ಸಡಿಲ ಸೆಟ್ಟು ಹಾಕಿದರೆ ದಂಡಿ ಹಿಂದಕ್ಕೆ ಸೆಟೆದು ತಂತಿ ಹಲಗೆಗೆ ಅಂಟಿಕೊಂಡಂತಾಗುತ್ತದೆ. ದಂಡಿಯೊಳಗಿನ ಟ್ರಸ್ ರಾಡ್ ತಿರುಗಿಸಿ ಬಾಗನ್ನು ಮತ್ತೆ ಹೊಂದಿಸಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಇದನ್ನು ಮಾಡದೆ 'ಹೊಸ ತಂತಿ ಹಾಕಿದ ಮೇಲೆ ಬಾಸ್ ಕೆಟ್ಟಿತು' ಎಂದು ತಂತಿಯನ್ನು ದೂರುವವರಿದ್ದಾರೆ.

ಹಲಗೆ: ಮರ ಮತ್ತು ಲೇಪ

ಮರದ ಗಡಸುತನ ಅಳೆಯಲು ಜಾಂಕಾ ಎಂಬ ಪರೀಕ್ಷೆಯಿದೆ: 11.28 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡು ಅರ್ಧದಷ್ಟು ಮರದೊಳಗೆ ಇಳಿಯಲು ಎಷ್ಟು ಬಲ ಬೇಕು ಎಂಬ ಲೆಕ್ಕ. ಆಫ್ರಿಕದ ಎಬೊನಿಗೆ ಸುಮಾರು 13,700 ನ್ಯೂಟನ್, ಬೀಟೆಗೆ 10,900, ದಕ್ಷಿಣ ಅಮೆರಿಕದ ಪಾವ್ ಫೆರೊಗೆ 8,700, ಗಟ್ಟಿ ಮೇಪಲ್‌ಗೆ 6,450. ಫ್ರೆಟ್‌ಲೆಸ್‌ಗೆ ಎಬೊನಿಯನ್ನು ಮೆಚ್ಚುವುದಕ್ಕೆ, ಮೇಪಲ್ ಹಲಗೆಗೆ ಲೇಪ ಬೇಕೇಬೇಕು ಎನ್ನುವುದಕ್ಕೆ ಈ ಅಂಕಿಗಳೇ ಕಾರಣ ಹೇಳುತ್ತವೆ. ಆದರೆ ತಂತಿಯ ಉಕ್ಕಿನ ಮುಂದೆ ಇವೆಲ್ಲವೂ ಮೆದುವೇ. ಮರ ಬದಲಿಸಿ ಸವೆತ ನಿಧಾನ ಮಾಡಬಹುದು, ನಿಲ್ಲಿಸಲಾಗದು.

ಗಿಟಾರ್ ಅಂಗಡಿಯಲ್ಲಿ 'ಇಂಡಿಯನ್ ರೋಸ್‌ವುಡ್' ಎಂದು ಕರೆಯುವ ಹಲಗೆ ನಮ್ಮ ಬೀಟೆ. ಕೊಡಗು, ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ, ಮೈಸೂರಿನ ಕುಸುರಿ ಕೆಲಸಗಾರರು ಚಿತ್ರ ಕೆತ್ತಿ ಕೂರಿಸುವ ಅದೇ ಮರ. ಜಗತ್ತಿನ ಎಷ್ಟೋ ಬಾಸ್‌ಗಳ ಬೆರಳುಹಲಗೆ ಇದೇ ಜಾತಿಯದು. 2017ರ ಜನವರಿಯಿಂದ ಬೀಟೆಯ ಇಡೀ ಕುಲ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟ್ಸ್‌ನ ಎರಡನೆಯ ಅನುಬಂಧಕ್ಕೆ ಸೇರಿತು, ಗಡಿ ದಾಟಿಸಲು ಕಾಗದಪತ್ರ ಬೇಕಾಯಿತು. ಹಲವು ಮಾದರಿಗಳಲ್ಲಿ ಫೆಂಡರ್ ಪಾವ್ ಫೆರೊಗೆ ಹೊರಳಿತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿದೆ. ಆದರೂ ಇದು ನಿಧಾನವಾಗಿ ಬೆಳೆಯುವ ಕಾಡುಮರ. ತಂತಿ ಸವೆದರೆ ಕಾರ್ಖಾನೆಯಲ್ಲಿ ಮತ್ತೊಂದು ಮಾಡುತ್ತಾರೆ. ಬೀಟೆ ಬಲಿಯಲು ಒಂದು ತಲೆಮಾರು ಸಾಲದು. ಹಲಗೆಯನ್ನು ಜೋಪಾನ ಮಾಡಬೇಕೆನ್ನಲು ಇದೊಂದು ಕಾರಣವೇ ಸಾಕು.

ಲೇಪಗಳಲ್ಲಿ ಎಪಾಕ್ಸಿ ಹೆಸರಾದದ್ದು ಜಾಕೊ ಅವರಿಂದ. ಅವರ ನೆನಪಿನಲ್ಲಿ ಫೆಂಡರ್ ತಯಾರಿಸಿದ ಫ್ರೆಟ್‌ಲೆಸ್‌ನಲ್ಲೂ ಪಾವ್ ಫೆರೊ ಹಲಗೆಯ ಮೇಲೆ ಎಪಾಕ್ಸಿ ಇದೆ. ಸರಿಯಾಗಿ ಬಳಿದ ಗಟ್ಟಿ ಲೇಪ ಸವೆತವನ್ನು ತನ್ನ ಮೇಲೆ ಹಾಕಿಕೊಳ್ಳುತ್ತದೆ, ಸ್ವರ ಹೆಚ್ಚು ಹೊತ್ತು ನಿಲ್ಲುವಂತೆ ಮಾಡುತ್ತದೆ, ದನಿಗೆ ಗಾಜಿನ ಹೊಳಪು ಕೊಡುತ್ತದೆ. ಆ ಹೊಳಪು ಎಲ್ಲರಿಗೂ ಬೇಕೆಂದಿಲ್ಲ. ಮರದ ಒರಟು ಬೆಚ್ಚನೆಯ ದನಿ ಪ್ರೀತಿಸುವವರಿಗೆ ಇದು ಹಿಡಿಸುವುದಿಲ್ಲ. ಸೂಪರ್ ಗ್ಲೂ ಅಂಟನ್ನು ಹಲವು ತೆಳು ಪದರಗಳಲ್ಲಿ ಹಾಕಿ ಉಜ್ಜುವ ವಿಧಾನವೂ ಬಳಕೆಯಲ್ಲಿದೆ. ಅದರ ಆವಿ ಕಣ್ಣು, ಮೂಗು ಉರಿಸುತ್ತದೆ, ಕಿಟಕಿ ತೆರೆದ ಕೋಣೆಯಲ್ಲೇ ಮಾಡಬೇಕು. ಎಣ್ಣೆ ಹಚ್ಚುವುದು ಬೇರೆ ಮಾತು: ಮರ ಒಣಗಿ ಬಿರಿಯದಂತೆ ಎಣ್ಣೆ ನೋಡಿಕೊಳ್ಳುತ್ತದೆ, ಗಡಸು ಮಾಡುವುದಿಲ್ಲ.

ಮರವೇ ಬೇಡ ಎಂದವರೂ ಇದ್ದಾರೆ. ಫೀನಾಲಿಕ್ ರಾಳದ ಹಲಗೆಗಳು, ಎಬೊನಾಲ್, ಕಾಗದ ಮತ್ತು ರಾಳ ಒತ್ತಿ ಮಾಡಿದ ರಿಚ್‌ಲೈಟ್ ಇವು ಎಬೊನಿಯಂತೆ ಕಂಡರೂ ತಂತಿಯನ್ನು ಹೆಚ್ಚು ತಾಳಿಕೊಳ್ಳುತ್ತವೆ. ಬಾಸ್ ವಾದಕ ಮೈಕಲ್ ಮ್ಯಾನ್ರಿಂಗ್ ನುಡಿಸುವ ಜಾನ್ ಕಂಪನಿಯ ಹೈಪರ್‌ಬಾಸ್ ಈ ದಾರಿಯ ವಾದ್ಯ. ನಮ್ಮಲ್ಲಿ ಇದೇ ತರ್ಕ ಬಹಳ ಹಿಂದೆಯೇ ನಡೆದಿದೆ. ಅಫ್ಘಾನಿ ರಬಾಬ್‌ನ ಮರದ ಹಲಗೆ, ಕರುಳಿನ ತಂತಿಗಳು 19ನೇ ಶತಮಾನದಲ್ಲಿ ಸರೋದ್‌ನ ಲೋಹದ ಫಲಕ, ಲೋಹದ ತಂತಿಗಳಾಗಿ ಬದಲಾದವು. ರಾಜೀವ ತಾರಾನಾಥರ ಸರೋದ್‌ನಲ್ಲಿ ಕೇಳಿದ ಆ ದೀರ್ಘ ಮೀಂಡ್‌ಗಳು ಉಗುರಿನಂಚು ತಂತಿಯನ್ನು ಆ ಉಕ್ಕಿನ ಫಲಕಕ್ಕೆ ಒತ್ತಿ ಜಾರಿದಾಗ ಹುಟ್ಟಿದವು. ಗಟ್ಟಿ ತಂತಿಗೆ ಗಟ್ಟಿ ಹಲಗೆ ಎಂಬುದನ್ನು ಸರೋದ್ ಕಟ್ಟಿದವರು ಜಾಕೊ ಹುಟ್ಟುವ ಮೊದಲೇ ಕಂಡುಕೊಂಡಿದ್ದರು.

ಜೋಡಿ ಆರಿಸುವುದು

ಹೊಸದಾಗಿ ಶುರು ಮಾಡುವವರ ಕೈಗೆ ಸಾಮಾನ್ಯವಾಗಿ ಸಿಗುವುದು ಲೇಪವಿಲ್ಲದ ಬೀಟೆ ಅಥವಾ ಪಾವ್ ಫೆರೊ ಹಲಗೆಯ ಬಾಸ್. ಅದಕ್ಕೆ ಮಧ್ಯಮ ಅಥವಾ ಕಡಿಮೆ ಬಿಗಿತದ ಫ್ಲಾಟ್‌ವೌಂಡ್ ಹಾಕುವುದು ಸೂಕ್ತ. ಕೈ ಪಳಗುವ ಮೊದಲ ವರ್ಷದಲ್ಲಿ ತಪ್ಪು ಚಲನೆಗಳು ಹೆಚ್ಚು, ಆಗ ಹಲಗೆಗೆ ರಕ್ಷಣೆ ಬೇಕು. ದನಿ ಮಂಕೆನಿಸಿದರೆ ಹಾಫ್‌ರೌಂಡ್‌ಗೆ ಹೋಗಬಹುದು. ಎಬೊನಿ ಹಲಗೆಯಿದ್ದು ಕೈ ಹಗುರವಾಗಿದ್ದರೆ ಅಪ್ಪಟ ನಿಕಲ್ ರೌಂಡ್‌ವೌಂಡ್ ಸಹ ವರ್ಷಗಳ ಕಾಲ ತೊಂದರೆ ಕೊಡದು. ಹೆವಿ ವೆದರ್‌ನ ದನಿಯೇ ಕಿವಿಯಲ್ಲಿ ತುಂಬಿಕೊಂಡಿದ್ದರೆ ಆ ಆಸೆಯನ್ನು ಫ್ಲಾಟ್‌ವೌಂಡ್‌ನಿಂದ ತಣಿಸಲು ಹೋಗಬಾರದು; ಸ್ಟೇನ್‌ಲೆಸ್ ರೌಂಡ್‌ವೌಂಡ್ ಹಾಕಿ ಹಲಗೆಗೆ ಒಳ್ಳೆಯ ದುರಸ್ತಿಗಾರರಿಂದ ಎಪಾಕ್ಸಿ ಬಳಿಸಬೇಕು. ಸವೆತಕ್ಕೆ ಹೆದರಿ ತನ್ನದಲ್ಲದ ದನಿಯಲ್ಲಿ ನುಡಿಸುವ ವಾದಕ ಅಭ್ಯಾಸಕ್ಕೇ ಕೂರದೆ ಹೋಗುತ್ತಾನೆ.

ಯಾವ ಜೋಡಿ ಆರಿಸಿದರೂ ತಂತಿಯನ್ನು ಚೊಕ್ಕವಾಗಿಡಬೇಕು: ಬೆವರು, ಧೂಳು ತಂತಿಯ ಸುತ್ತುಗಳ ಸಂದಿಯಲ್ಲಿ ಸೇರಿ ಮರಳಿನಂತೆ ಕೆಲಸ ಮಾಡುತ್ತವೆ. ಮಂಗಳೂರಿನಂಥ ಉಪ್ಪುಗಾಳಿಯ ಊರಲ್ಲಿ ಉಕ್ಕು ತುಕ್ಕು ಹಿಡಿದು ಮೈ ಒರಟಾಗುತ್ತದೆ. ತುಕ್ಕು ಹಿಡಿದ ಫ್ಲಾಟ್‌ವೌಂಡ್ ಹೊಸ ರೌಂಡ್‌ವೌಂಡ್‌ಗಿಂತ ಸೌಮ್ಯವೇನಲ್ಲ. ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ತಂತಿಯ ಮೇಲ್ಭಾಗವನ್ನಷ್ಟೇ ಅಲ್ಲ, ಬಟ್ಟೆಯನ್ನು ಕೆಳಗೆ ತೂರಿಸಿ ಮರಕ್ಕೆ ತಾಗುವ ಭಾಗವನ್ನೂ ಒರೆಸಬೇಕು.

ದುರಸ್ತಿ

ಕೊರಕಲು ಸ್ವರ ಕೆಡಿಸುವಷ್ಟಾದಾಗ ಹಲಗೆಯನ್ನು ಸಮ ಮಾಡಿಸುತ್ತಾರೆ. ಬೆರಳುಹಲಗೆ ಅಡ್ಡಕ್ಕೆ ತುಸು ಉಬ್ಬಿರುತ್ತದೆ. ಹಳೆಯ ಫೆಂಡರ್‌ಗಳಲ್ಲಿ ಆ ಉಬ್ಬಿನ ತ್ರಿಜ್ಯ 7.25 ಇಂಚು, ಇತ್ತೀಚಿನ ಹಲವದರಲ್ಲಿ 9.5 ಅಥವಾ 12. ಅದೇ ತ್ರಿಜ್ಯಕ್ಕೆ ಕಡೆದ ಮರದ ದಿಮ್ಮಿಗೆ ಮರಳುಕಾಗದ ಅಂಟಿಸಿ, ಟ್ರಸ್ ರಾಡ್ ಹೊಂದಿಸಿ ದಂಡಿಯನ್ನು ನೆಟ್ಟಗೆ ಮಾಡಿಕೊಂಡು, ಹಲಗೆಯ ಪೂರ್ತಿ ಉದ್ದಕ್ಕೆ ಉಜ್ಜುತ್ತಾರೆ. ಕೊರಕಲು ಇರುವಲ್ಲಿ ಮಾತ್ರ ಉಜ್ಜಿದರೆ ಹಳ್ಳ ಇನ್ನಷ್ಟು ಅಗಲವಾಗುತ್ತದೆ. ಉಜ್ಜುವ ಮೊದಲು ಹಲಗೆಯ ಮೇಲೆ ಅಡ್ಡಡ್ಡ ಬಿಳಿ ಪೆನ್ಸಿಲ್ ಗೆರೆ ಎಳೆಯುವುದುಂಟು: ಗೆರೆ ಎಲ್ಲ ಕಡೆ ಅಳಿಸಿತೆಂದರೆ ಮೈ ಸಮವಾಯಿತು, ಒಂದು ಕಡೆ ಉಳಿದಿದ್ದರೆ ಅಲ್ಲಿನ್ನೂ ತಗ್ಗಿದೆ. ಆಮೇಲೆ ಸಣ್ಣ ಕಾಗದದಿಂದ ನಯ ಮಾಡಿ, ಎಣ್ಣೆ ಅಥವಾ ಲೇಪ ಹಾಕುತ್ತಾರೆ.

ಹೀಗೆ ಒಮ್ಮೆ ಸಮ ಮಾಡುವಾಗ ಹೋಗುವ ಮರ ಮಿಲಿಮೀಟರಿನ ಸಣ್ಣ ಭಾಗ. ಐದಾರು ಮಿಲಿಮೀಟರ್ ದಪ್ಪದ ಹಲಗೆಗೆ ಇದನ್ನು ಹಲವು ಸಲ ಮಾಡಬಹುದು; ಹಲಗೆಯೇ ತೆಳ್ಳಗಿದ್ದರೆ ಅಷ್ಟು ಸಲ ಆಗದು. ಸ್ವರಸ್ಥಾನ ತೋರಿಸಲು ಗೆರೆ ಕೂರಿಸಿದ ಹಲಗೆಯಾದರೆ ಆ ಗೆರೆಯ ಪಟ್ಟಿ ಎಷ್ಟು ಆಳಕ್ಕಿದೆ ಎಂಬುದನ್ನೂ ನೋಡಿಕೊಳ್ಳಬೇಕು. ಉಜ್ಜಿಸುವ ಮೊದಲು ಹಲಗೆಯ ದಪ್ಪವನ್ನು ಎರಡು ತುದಿಯಲ್ಲೂ ನಡುವೆಯೂ ಅಳೆದು, ದಿನಾಂಕ ಹಾಕಿ ಒಂದು ಚೀಟಿಯಲ್ಲಿ ಬರೆದು ವಾದ್ಯದ ಪೆಟ್ಟಿಗೆಯಲ್ಲಿ ಇಟ್ಟರೆ, ಮುಂದೆ ಅದನ್ನು ಕೈಗೆತ್ತಿಕೊಳ್ಳುವ ದುರಸ್ತಿಗಾರರಿಗೆ ಇನ್ನೆಷ್ಟು ಮರ ಉಳಿದಿದೆಯೆಂದು ಊಹಿಸುವ ಕಷ್ಟವಿರುವುದಿಲ್ಲ.